ತೊಗಟೆ

ಅಂಗಿ ಬಿಚ್ಚಿ, ಅಂದರು ಸಿಸ್ಟರ್ ಹೇಮಾವತಿ.
ನಾನು ಬಿಚ್ಚಲಿಲ್ಲ.

ಹಾಸನದ ದೊಡ್ಡಾಸ್ಪತ್ರೆ, ಮೇಲಿನ ಮಹಡಿ,
ಗಾಜಿನ ಪೆಟ್ಟಿಗೆಯೊಳಗೆ ಒಂದು ಕೇಜಿ ನಾನೂರು ಗ್ರಾಂ.
ಕಾಲಿಗೆ ಸುತ್ತಿದ ಚೀಟಿಯಲ್ಲಿ ಹೆಸರಿಲ್ಲ ಇನ್ನೂ,
'ಜಯಶೀಲಾ ಮಗು' ಅಂತಷ್ಟೆ.

ಜಯಶೀಲಾ ಕೆಳಗಿನ ವಾರ್ಡಿನಲ್ಲಿ,
ಜ್ವರದೊಳಗೆ ಯಾರನ್ನೋ ಬೈಯುತ್ತಾ.
ಆಕೆ ಏಳುವ ತನಕ ನೀವೇ ಆಗಬೇಕು,
ಎದೆಗೆ ಎದೆ, ಚರ್ಮಕ್ಕೆ ಚರ್ಮ,
ಮಗೂಗೆ ನಿಮ್ಮ ಬಿಸಿ ಬೇಕು, ಬಿಚ್ಚಿ ಅಂಗಿ.

ಹೆಂಗೆ ಹೇಳಲಿ ಆ ತಾಯಿಗೆ?
ಮೀಸೆ ಮೂಡುವ ಮೊದಲೇ ಮರ ಹತ್ತಿದವನು ನಾನು.
ಬಾಣಾವರದಿಂದ ಗಂಡಸಿವರೆಗೆ ಯಾರ ತೋಟವೂ ಬಿಟ್ಟಿಲ್ಲ.
ದಿನಕ್ಕೆ ನಲವತ್ತು ತೆಂಗು,
ನಲವತ್ತು ಸಲ ಅಪ್ಪಿ ಏರಿ, ಅಪ್ಪಿ ಜಾರಿ
ಎದೆಯ ಎರಡೂ ಮಗ್ಗುಲು ಕರ್ರಗೆ ಜಡ್ಡುಗಟ್ಟಿ
ಬೆವರು ಕೂಡ ಸುತ್ತು ಬಳಸಿ ಇಳಿಯುತ್ತದೆ.
ಮದುವೆಯ ಹೊಸದರಲ್ಲಿ ಜಯಶೀಲಾ ಕೈಯಾಡಿಸಿ
'ಇದೇನಿದು, ನಮ್ಮಪ್ಪ ನನ್ನ ಮರಕ್ಕೆ ಕೊಟ್ನಾ?' ಅಂತ
ದೀಪ ಆರಿಸಿದ ಮೇಲೂ ನಗುತ್ತಿದ್ದಳು.

ಮಗುವಿನ ಮೈ ಗಾಜಿನಾಚೆಯಿಂದ ನೋಡಿದ್ದೆ.
ತೀರಾ ಎಳೆಯ ಎಳನೀರು ಸೀಳಿದರೆ
ಬುರುಡೆಗೆ ಅಂಟಿರುತ್ತಲ್ಲ, ಇನ್ನೂ ಗಂಜಿಯಾಗದ ಗಂಜಿ,
ಬೆಳಕು ಆಚೆಯಿಂದ ಈಚೆಗೆ ಬರುವಂಥದ್ದು,
ಚಮಚ ಸೋಕಿದರೆ ಹರಿಯುವಂಥದ್ದು,
ಅಂಥ ಮೈ. ಒಳಗೆ ನೂಲಿನಷ್ಟು ನೀಲಿ ನರ.

ಮೆಟ್ಟಿಲ ಕೆಳಗೆ ನಮ್ಮವ್ವ ದ್ಯಾವಮ್ಮ,
ಮಡಿಲ ತುಂಬಾ ಸರಂಜಾಮು:
ಮನೆಯಲ್ಲೇ ಕಾಸಿದ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು,
ಧೂಪಕ್ಕೆ ಬಜೆ, ಡಬ್ಬಿಯಲ್ಲಿ ಕಾಡಿಗೆ.
ಒಂಬತ್ತು ಮೊಮ್ಮಕ್ಕಳಿಗೆ ನೀರೆರೆದ ಕಾಲು ಅವಳವು,
ನೀಡಿಕೊಂಡು ಕೂತಿದ್ದಾಳೆ, ಮೇಲೆ ಮಗುವಿಲ್ಲ.
ಎಣ್ಣೆ ಬೇಡವಂತೆ ಕಣವ್ವ, ಅಂದೆ.
ಸೋಪು ಬೇಡ, ಪೌಡರು ಬೇಡ, ಕಾಡಿಗೆಯಂತೂ ಬೇಡವೇ ಬೇಡ,
ನೀರೂ ಈಗ ಹಾಕೋ ಹಂಗಿಲ್ಲವಂತೆ.
'ಮತ್ತೇನ್ಲಾ ಬೇಕಂತೆ ಅವಕ್ಕೆ?'
ನನ್ನ ಎದೆ ಬೇಕಂತೆ.

ಅವ್ವ ಬಹಳ ಹೊತ್ತು ಕಾಡಿಗೆ ಡಬ್ಬಿಯ ಮುಚ್ಚಳ
ತಿರುಗಿಸಿದಳು, ಬಿಗಿಯಾಗಿದ್ದರೂ ತಿರುಗಿಸಿದಳು.
'ಹೋಗು. ಉಗುರು ಕತ್ತರಿಸ್ಕೊಂಡು ಹೋಗು.'

ಹಿಂದಿನ ನಲ್ಲಿಯ ಹತ್ತಿರ ತೆಂಗಿನ ನಾರು ಸಿಕ್ಕಿತು,
ಪಾತ್ರೆ ತಿಕ್ಕಿ ಯಾರೋ ಬಿಟ್ಟದ್ದು.
ಉಜ್ಜಿದೆ. ತೊಗಟೆ ಹೋಗುತ್ತದೇನೋ ಅಂತ ಉಜ್ಜಿದೆ.
ರಕ್ತ ಜಿನುಗಿತು, ತೊಗಟೆ ಹೋಗಲಿಲ್ಲ.

ಸಿಸ್ಟರ್ ಬೈದರು. ಬೈಯುತ್ತಲೇ ಹತ್ತಿಯಲ್ಲಿ ಒರೆಸಿ,
ತರಚದೆ ಉಳಿದ ಬಲಗಡೆಗೆ ಬೆರಳ ಹಿಂಭಾಗ ಇಟ್ಟು ನೋಡಿದರು,
ಜ್ವರ ನೋಡುವ ಹಾಗೆ.
'ಬಿಸಿ ಇದೆಯಲ್ಲ. ಸಾಕು. ಈ ಕಡೆ ಮಲಗಿಸೋಣ.'

ಇಟ್ಟರು.
ತೂಕವೇ ಇಲ್ಲ. ಒದ್ದೆ ಎಲೆ ಬಂದು ಅಂಟಿದಂತೆ.
ಆಮೇಲೆ ಎರಡು ಪಾದ, ನನ್ನ ಹೆಬ್ಬೆರಳಿನ ಉಗುರಷ್ಟು ಅಗಲ,
ತಡಕಾಡಿದವು, ಜಾರಿದವು, ಮತ್ತೆ ತಡಕಾಡಿ
ಆ ಹಾಳು ಜಡ್ಡಿನ ಅಂಚಿಗೆ ಒತ್ತಿ ನಿಂತವು.

ನಾನು ಅಲುಗಲಿಲ್ಲ.
ಮೂಗು ಕೆರೆಯುತ್ತಿತ್ತು, ಅಲುಗಲಿಲ್ಲ.
ಸಾಹುಕಾರರ ಫೋನು ಬಂತು, ಕಾಯಿ ಇಳಿಸೋನು ಎಲ್ಲಿ ಸತ್ತ ಅಂತ,
ಜೇಬಿನಲ್ಲೇ ನಡುಗಿ ನಡುಗಿ ನಿಂತಿತು.
ಹತ್ತುವವನಿಗೆ ಗೊತ್ತಿರುತ್ತದೆ
ಮರ ಅಲುಗಿದರೆ ಎಂಥ ಭಯ.

ಸಂಜೆ ಎತ್ತಿಕೊಂಡಾಗ ಅದರ ಕೆನ್ನೆ ಮೇಲೆ
ನನ್ನ ಜಡ್ಡಿನ ಅಚ್ಚು, ಕೆಂಪಗೆ, ಗೆರೆಗೆರೆಯಾಗಿ.
ಜೀವ ಬಾಯಿಗೆ ಬಂತು.
'ಏನೂ ಆಗಲ್ಲ, ಹತ್ತು ನಿಮಿಷದಲ್ಲಿ ಮಾಯ'
ಅಂದು ಸಿಸ್ಟರ್ ಮುಂದಿನ ಪೆಟ್ಟಿಗೆಗೆ ಹೋದರು.

ಗೋಡೆ ಗಡಿಯಾರ, ಗಾಜು, ಕೆನ್ನೆ,
ಗಡಿಯಾರ, ಕೆನ್ನೆ.
ಏಳನೇ ನಿಮಿಷಕ್ಕೆ ಅಳಿಸಿತು.

ಅಂಗಿ ಹಾಕಿಕೊಳ್ಳದೆ
ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.