ತಡವಾಗಿ ಬಂದವರು

ಶಾರ್ಜಾ, ರೋಲಾದ ಹಿಂಬೀದಿ,
ಇಸ್ತ್ರಿಯಂಗಡಿಯ ಮೇಲಿನ ಮಹಡಿ.
ಹನ್ನೊಂದು ನಿಯಮ ಬರೆದವನು ನಾನೇ,
ಲ್ಯಾಮಿನೇಷನ್ ಖರ್ಚು ಕಮಿಟಿಯದು.
ಚಪ್ಪಲಿಯ ಮೂತಿ ಗೋಡೆಗೆ.
ಮೊಬೈಲಿಗೆ ಬಾಯಿ ಇರಕೂಡದು.
ಗುರುವಾರಕ್ಕೊಮ್ಮೆ ಉಗುರಿನ ತಪಾಸಣೆ.
ಕೇಳಿದ್ದಕ್ಕೆ ಉತ್ತರ ಕೊಡಬೇಕು; ಸುಳ್ಳಾಡಬಾರದು.
ತಿನ್ನುವ ಪದಾರ್ಥ ಮದ್ರಸಕ್ಕೆ ತರುವಂತಿಲ್ಲ.
ತಡವಾಗಿ ಬಂದವರು ಒಳಗೆ ಕರೆಯುವವರೆಗೆ
ಬಾಗಿಲ ಹೊರಗೇ ನಿಲ್ಲತಕ್ಕದ್ದು.

ಬೆತ್ತ ಇಲ್ಲ ಇಲ್ಲಿ.
ನನಗೆ ಕಲಿಸಿದ ಉಸ್ತಾದರ ಬೆತ್ತ
ತೆಂಗಿನೆಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು,
ಓದು ತಪ್ಪಿದರೆ ಅಂಗೈ ಮೇಲೆ
ನೆಟ್ಟಗೆ ಒಂದು ಅಲಿಫ್ ಬರೆಯುತ್ತಿತ್ತು.
ನನ್ನ ಕೈಯಲ್ಲಿರುವುದು ಬರೀ ಕೆಂಪು ಪೆನ್ನು,
ಪುಟಸಂಖ್ಯೆ ಹಾಕಿದ ರಿಜಿಸ್ಟರು.
ಇದರಿಂದ ಯಾರಿಗೂ ನೋಯುವುದಿಲ್ಲ
ಎಂದೇ ನಾನು ತಿಳಿದಿದ್ದೆ.

ಉನೈಸ್. ಒಂಬತ್ತು ವರ್ಷ.
ಓದಿನಲ್ಲಿ ಎಲ್ಲರಿಗಿಂತ ಮುಂದೆ,
ಬರುವುದರಲ್ಲಿ ದಿನವೂ ಹತ್ತು ನಿಮಿಷ ಹಿಂದೆ.
'ಯಾಕೋ ತಡ?' ಅಂದರೆ
ಟೈಲ್ಸಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾನೆ.
ಟ್ರಾಫಿಕ್ಕು ಅನ್ನಬಹುದಿತ್ತು, ಲಿಫ್ಟು ಕೆಟ್ಟಿತ್ತು ಅನ್ನಬಹುದಿತ್ತು,
ಉಳಿದವರೆಲ್ಲ ಅನ್ನುತ್ತಾರೆ, ನಾನು ನಂಬುತ್ತೇನೆ.
ಇವನು ತುಟಿ ಬಿಚ್ಚುವುದಿಲ್ಲ.
ಸಾಲದ್ದಕ್ಕೆ ಹತ್ತಿರ ಬಂದರೆ ಬಿರಿಯಾನಿಯ ಘಮ,
ಒಂದೊಂದು ದಿನ ಸುಟ್ಟ ಕೋಳಿ, ಬೆಳ್ಳುಳ್ಳಿ.
ಎಲ್ಲರೆದುರು ಚೀಲ ಸುರಿಸಿದೆ:
ಕಿತಾಬು, ಮೊಂಡು ಪೆನ್ಸಿಲು, ಅರ್ಧ ರಬ್ಬರು.
ವರ್ತನೆ ಎಂಬ ಮನೆಯಲ್ಲಿ ಬರೆದೆ: ಉದ್ಧಟ.

ಮೂರು ಕೆಂಪು ಗುರುತಾದರೆ ತಂದೆಯನ್ನು ಕರೆಸಬೇಕು.
ನಾಲ್ಕೂವರೆಗೆ ಎಂದಿದ್ದೆ. ಬರಲಿಲ್ಲ.
ಅಪ್ಪನ ಹಾಗೇ ಮಗ, ಅಂದುಕೊಂಡು
ಬಾಗಿಲು ಹಾಕಿಸಿ ಎ.ಸಿ. ಏರಿಸಿ ಪಾಠ ಹಿಡಿದೆ.

ಬಿಟ್ಟಾಗ ನೋಡಿದರೆ ಆತ ಹೊರಗೇ ಇದ್ದ.
ಕಂಕುಳಲ್ಲಿ ಹೆಲ್ಮೆಟ್ಟು, ಕಾಲುಚೀಲದ ತೂತಿನಿಂದ
ಇಣುಕುವ ಬೆರಳು. ಮಕ್ಕಳ ಸಾಲಿನ ತುದಿಗೆ
ಗೋಡೆಗೆ ಮೂತಿ ಮಾಡಿದ ಆ ದೊಡ್ಡ ಶೂಗಳು.
ಅಂಗಿಜೇಬಿನಲ್ಲಿ ಫೋನು ಸದ್ದಿಲ್ಲದೆ ಮಿನುಗಿ ಆರುತ್ತಿತ್ತು,
ಒಂದೊಂದು ಮಿನುಗೂ ಒಂದೊಂದು ಆರ್ಡರು.
'ಕದ ತಟ್ಟಬಾರದಿತ್ತೇ?'
'ಹತ್ತು ನಿಮಿಷ ತಡವಾಗಿತ್ತು ಉಸ್ತಾದ್.
ಕರೆಯುವವರೆಗೆ ನಿಲ್ಲಬೇಕು ಅಂತ ಬರೆದಿತ್ತಲ್ಲ.'

ಆಮೇಲೆ ಮಗನತ್ತ ನೋಡಿ, ದನಿ ತಗ್ಗಿಸಿ:
'ಎರಡು ಡೆಲಿವರಿಯ ನಡುವೆ ಇವನನ್ನು ಬಿಟ್ಟು ಹೋಗುತ್ತೇನೆ.
ಊಟದ ಪೆಟ್ಟಿಗೆಗೂ ನನ್ನ ಬೆನ್ನಿಗೂ ನಡುವೆ
ಅಷ್ಟು ಜಾಗ ಇದೆ. ಕಂಪನಿಗೆ ಗೊತ್ತಾದರೆ
ಬೈಕು ಕಿತ್ತುಕೊಳ್ಳುತ್ತಾರೆ. ಯಾರಿಗೂ ಹೇಳಬೇಡ
ಎಂದವನು ನಾನು. ಇವನದೇನೂ ಇಲ್ಲ.'

ಉನೈಸ್ ಟೈಲ್ಸ್ ನೋಡುತ್ತಿದ್ದ.
ಹೇಳಿದರೆ ಅಪ್ಪನ ಮಾತು ಮುರಿಯುತ್ತದೆ,
ಬೇರೇನಾದರೂ ಹೇಳಿದರೆ ನನ್ನ ನಿಯಮ.
ಎರಡು ಗೋಡೆಗಳ ನಡುವಿನ ಗೇಣು ಜಾಗದಲ್ಲಿ
ನಲವತ್ತೇಳು ದಿನ ಮಗು ನಿಂತಿತ್ತು, ನೆಟ್ಟಗೆ.

ಕೆಂಪು ಶಾಯಿ ಉಜ್ಜಿದರೆ ಹೋಗುವುದಿಲ್ಲ.
ಪುಟ ಹರಿದರೆ ಸಂಖ್ಯೆ ಚಾಡಿ ಹೇಳುತ್ತದೆ.
ಉದ್ಧಟ ಎಂಬುದು ಅಲ್ಲೇ ಇದೆ,
ಎದುರಿಗೆ ನನ್ನ ಸಹಿ, ಎಷ್ಟು ದುಂಡಗೆ.

ನಿನ್ನೆಯೂ ತಡವಾಗಿಯೇ ಬಂದ,
ಹೆಲ್ಮೆಟ್ಟಿಗೆ ಅಂಟಿದ ಕೂದಲ ಮೇಲೆ ಟೋಪಿ ಎಳೆದುಕೊಳ್ಳುತ್ತ.
ಬರೆದೆ: ತಡ, ಹತ್ತು ನಿಮಿಷ. ಅದು ನಿಜ.
ಕಾರಣ ಎಂಬ ಮನೆಗೆ ಬಂದಾಗ
ಮಕ್ಕಳೆಲ್ಲ ನನ್ನ ಪೆನ್ನನ್ನೇ ನೋಡುತ್ತಿದ್ದರು.
ಹೆಬ್ಬೆರಳಿನಿಂದ ಟೈಲ್ಸಿನ ಗೆರೆ ಹುಡುಕಿದೆ.

ಯಾರದೋ ರಾತ್ರಿಯೂಟದ ಹುರಿದ ಮೀನಿನ ವಾಸನೆ
ಕೋಣೆಯೊಳಗೆ ಬಂದು ಕೂತಿತು.
ಪುಟ ತೆಗೆಯಿರಿ, ಅಂದೆ.