ಹನ್ನೆರಡು ಸೆಕೆಂಡು

ಗಿರೆಸುನ್ ಊರಲ್ಲಿ ಫಿಂದಿಕ್ ಅಂದರೆ ಕಾಯಿಯೂ ಹೌದು,
ಸಂಬಳವೂ ಹೌದು,
ಉಗುರೊಳಗೆ ಕೂತ ಕಂದು ಧೂಳೂ ಹೌದು.
ಹುರಿಯುವ ಕೋಣೆಯ ಬಾಗಿಲು
ಕಪ್ಪು ಸಮುದ್ರದ ಗಾಳಿಗೆ ಬಡಿದುಕೊಳ್ಳುತ್ತಿತ್ತೆಂದು
ಬೆಂಕಿ ಆರಿಸುವ ಸಿಲಿಂಡರನ್ನೇ ಅದರ ಬುಡಕ್ಕೆ ಒತ್ತಿಟ್ಟಿದ್ದೆವು.
ನಾಲ್ಕು ವರ್ಷ ಅದು ನಮ್ಮನ್ನು ಕಾದದ್ದು ಹಾಗೆ.

ಪಾಠ ಹೇಳಲು ಬಂದ ನೆವ್ಜಾತ್, ಹಳೇ ಅಗ್ನಿಶಾಮಕದವನು,
ಎಡಗಿವಿ ಅರ್ಧ ಮಾತ್ರ,
ಅದನ್ನೆತ್ತಿ ಕೂಸಿನಂತೆ ತೂಗಿ ನೋಡಿದ.
ಮುಳ್ಳು ಹಸಿರು ಬಿಟ್ಟು ಕೆಂಪಿನಲ್ಲಿ ಮಲಗಿತ್ತು.
"ಇದು ಕಲ್ಲು" ಅಂದ. "ಕಲ್ಲೇ ಬೇಕಿದ್ದರೆ
ದಂಡೆಯಲ್ಲಿ ಪುಕ್ಕಟೆ ಸಿಗುತ್ತಿತ್ತು.
ಆದರೂ ಈ ಬಾಗಿಲು ಮುಚ್ಚಿರಬೇಕಾದ್ದು."

ಅಂಗಳದಲ್ಲಿ ತಗಡಿನ ಬಾನಿಗೆ ಬೆಂಕಿ ಹಚ್ಚಿ
ಒಬ್ಬೊಬ್ಬರನ್ನೇ ಕರೆದ.
ಪಿನ್ನು ಎಳೆಯುವಾಗ ಹಿಡಿಕೆ ಹಿಂಡಬೇಡ, ಸಿಕ್ಕಿಕೊಳ್ಳುತ್ತೆ.
ನಾಲಿಗೆಗೆ ಹೊಡೆಯಬೇಡ,
ನಾಲಿಗೆಯ ಜೊತೆ ಜಗಳಾಡಿ ಗೆದ್ದವರುಂಟೆ?
ಬುಡಕ್ಕೆ. ಕಸ ಗುಡಿಸಿದ ಹಾಗೆ, ಅತ್ತ, ಇತ್ತ.
ಕರೆಂಟಿನ ಪೆಟ್ಟಿಗೆಗೆ ನೀರಿನದನ್ನು ಒಯ್ದೆಯೋ,
ನಿನ್ನ ಹೆಸರು ನಾನು ಮರೆಯಬೇಕಾಗುತ್ತೆ.

ನಾನು ಹೊಡೆದದ್ದು ನಾಲಿಗೆಗೇ.
ಬಿಳಿ ಪುಡಿ ಹಾರಿ ಜಾಹಿತ್‌ನ ಮೀಸೆ ಮುದುಕನದಾಯಿತು,
ಎಲ್ಲರೂ ನಕ್ಕರು.
ನೆವ್ಜಾತ್ ನಗದೆ ಕೇಳಿದ:
"ಬಾಗಿಲು ಎಲ್ಲಿದೆ ಹೇಳು, ತಿರುಗದೆ."
ಹೇಳಲಾಗಲಿಲ್ಲ.

ನವೆಂಬರಿನಲ್ಲಿ ಎರಡನೇ ಒಲೆಯ ಕೆಳಗೆ ಸಿಪ್ಪೆ ಹೊತ್ತಿತು.
"ಬೆಂಕಿ" ಎಂದು ಕೂಗಿದೆ, ಜಾಹಿತ್ ಗಂಟೆ ಒತ್ತಿದ.
ಹೊಸ ಸಿಲಿಂಡರು ಗೋಡೆಯ ಕೊಕ್ಕೆಯಲ್ಲೇ ಇತ್ತು.
ಪಿನ್ನು ಸಲೀಸಾಗಿ ಬಂತು.
ಬುಡಕ್ಕೇ ಹೊಡೆದೆ, ಬಾಗಿಲನ್ನು ಬೆನ್ನಿಗಿಟ್ಟುಕೊಂಡು.
ಹನ್ನೆರಡು ಎಣಿಸುವಷ್ಟರಲ್ಲಿ ಮೂತಿ ಕೆಮ್ಮಿ ನಿಂತಿತು.
ಬೆಂಕಿ ಅರೆಗಳಿಗೆ ಕುಗ್ಗಿ,
ಯೋಚಿಸಿ,
ಹೊಗೆಕೊಳವೆ ಹತ್ತಿತು.

ಆಗ ನೆನಪಾಯಿತು,
ಯಾರೂ ಬರೆದುಕೊಳ್ಳದಿದ್ದ ಅವನ ಕೊನೆಯ ಮಾತು:
ಒಂದು ಸಿಲಿಂಡರಿಗೆ ಆರದ ಬೆಂಕಿ ನಿನ್ನದಲ್ಲ.
ಬೆಂಕಿಗೆ ಬೆನ್ನು ಕೊಡದೆ ಹಿಂದಡಿ ಇಟ್ಟೆ,
ಹೊರಗೆ ಬಂದು ಬಾಗಿಲು ಎಳೆದೆ.
ಮುಚ್ಚಿಕೊಂಡಿತು.
ಅದರ ಬುಡದಲ್ಲಿ ಏನೂ ಇರಲಿಲ್ಲ.

ಅಂಗಳದಲ್ಲಿ ಎಣಿಸಿದೆವು: ಹದಿನೇಳು.
ಮತ್ತೊಮ್ಮೆ: ಹದಿನೇಳು.

ಒಲೆ ಹೋಯಿತು.
"ಮುಝೆಯ್ಯೆನ್, ಇನ್ನಷ್ಟು ಹೊತ್ತು ನಿಲ್ಲಬಹುದಿತ್ತಲ್ಲ" ಅಂದ ಮಾಲೀಕ.
ಕೆಟ್ಟವನೇನಲ್ಲ. ಬೆಂಕಿಯನ್ನು ಅವನು ಕಂಡದ್ದು ಬೂದಿಯಾದ ಮೇಲೆ.

ಈಗ ತಿಂಗಳ ಮೊದಲ ಸೋಮವಾರ
ಸಿಲಿಂಡರಿನ ಚೀಟಿಗೆ ಸಹಿ ನನ್ನದು.
ಮುಳ್ಳು ಹಸಿರಲ್ಲಿ. ಪಿನ್ನು ಇದೆ. ದಾರಿಗೆ ಮೂಟೆ ಅಡ್ಡವಿಲ್ಲ.
ಬಾಗಿಲು ಇನ್ನೂ ಗಾಳಿಗೆ ಬಡಿದುಕೊಳ್ಳುತ್ತೆ.
ಬಡಿದುಕೊಳ್ಳಲಿ.
ಅದು ಎಲ್ಲಿದೆಯೆಂದು
ತಿರುಗದೆ ಹೇಳಬಲ್ಲೆ.