ಕಪ್ಪು ತಂತಿ ಮೊದಲು

ಕಾರಟಗಿಯ ಮಿಲ್ಲಿನಲ್ಲಿ ರಾತ್ರಿ ಹನ್ನೊಂದೂವರೆ.
ಅಕ್ಕಿ ಆರಿಸುವ ಯಂತ್ರ ಮಧ್ಯಾಹ್ನದಿಂದ ಮೂಕ,
ಕರಿಕಾಳು ಬಿಳಿಕಾಳು ಒಂದೇ ಚೀಲಕ್ಕೆ.
ಫಿಟ್ಟರ್ ಮೌಲಾಸಾಬ ಫೋನಿನಲ್ಲಿ ಅಂದದ್ದು ಇಷ್ಟೆ:
"ಬೋರ್ಡು ಸತ್ತೈತ್ರೀ. ಮಣ್ಣಿಗೆ ಬರ್ರಿ."

ಅಂಗೈಯಗಲದ ಹಸಿರು ಹಲಗೆ. ಉಫ್ ಎಂದು ತೌಡು ಊದಿದೆ.
ಕೆಂಪು ದೀಪ ಉರಿಯುತ್ತಿದೆ, ಮಿಣುಕುತ್ತಿಲ್ಲ.
ಮೀಟರು ಹಿಡಿದರೆ ಮೂರು ಪಾಯಿಂಟ್ ಮೂರು ವೋಲ್ಟು, ಚಾಚೂ ತಪ್ಪದೆ.
ಉಂಡಿದೆ, ಮಾತಾಡುತ್ತಿಲ್ಲ.

ಡಿಬಗರ್ ನನ್ನ ಅಂಗಿ ಜೇಬಿನದು, ಬೆಂಕಿಪೊಟ್ಟಣದಷ್ಟು.
ತಾಳಕ್ಕೊಂದು ತಂತಿ, ಮಾತಿಗೊಂದು.
ಜೋಡಿಸಿದೆ. ಲ್ಯಾಪ್‌ಟಾಪು ಹೇಳಿತು: ಆ ಕಡೆ ಯಾರೂ ಇಲ್ಲ.
ವೇಗ ಇಳಿಸಿದೆ. ಯಾರೂ ಇಲ್ಲ.
ಪಿನ್ನು ಗೀರಿ ತುಕ್ಕು ತೆಗೆದೆ. ಇಲ್ಲ.
ಆಮೇಲೆ ಕಂಡಿತು
ಕಪ್ಪು ತಂತಿ ಮೇಜಿನ ಮೇಲೆಯೇ ಬಿದ್ದಿತ್ತು.

ನನ್ನ ಸೊನ್ನೆ ಅದರ ಸೊನ್ನೆ ಒಂದಾಗದೆ
ಯಾವ ಒಂದೂ ಒಂದಲ್ಲ.
ನೆಲ ಕೂಡದೆ ಮಾತು ಕೂಡದು.
ಹದಿನಾರು ವರ್ಷದಿಂದ ಇದೇ ಕೆಲಸ ನನ್ನದು.
ಮೌಲಾಸಾಬ ನೋಡಲಿಲ್ಲ,
ಅಥವಾ ನೋಡದವನ ಹಾಗೆ ಬೀಡಿ ಹುಡುಕಿದ.

ಕೂಡಿಸಿದೆ. ಆದರೂ ಇಲ್ಲ.
ಹಾಗಾದರೆ ಎದ್ದ ಕೂಡಲೇ ಒಳಗಿನಿಂದ
ಚಿಲಕ ಹಾಕಿಕೊಳ್ಳುವ ಚಿಪ್ಪು ಇದು.
ಮೊದಲ ಹೆಜ್ಜೆ ಇಡುವ ಮುನ್ನವೇ ಹಿಡಿಯಬೇಕು.
"ಈ ಗುಂಡಿ ಒತ್ತಿ ಹಿಡಿ ಮೌಲಾ. ಬಿಡು ಅಂದಾಗ ಬಿಡು."
ಬೆಲ್ಟಿಗೆ ಸಿಕ್ಕಿ ಉಗುರು ಹೋದ ಹೆಬ್ಬೆರಳು
ಸಾಸಿವೆಯಷ್ಟು ಗುಂಡಿಯ ಮೇಲೆ
ಉಸಿರು ಕಟ್ಟಿ ಕೂತಿತು.

ಬಿಡು.

ಪರದೆಯ ಮೇಲೆ ಎಂಟು ಅಕ್ಷರ.
"ಏನಂತೈತ್ರೀ?"
"ಅದೀನಿ ಅಂತ."

ಚಿಲಕ ಹಾಕುವ ಸಾಲನ್ನು ಹಾರಿಸಿ
ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋದೆ.
ಒಂದು ಕಡೆ ನಿಂತಿತು. ಮತ್ತೆ ಮೊದಲಿಂದ ನಡೆಸಿದೆ,
ಅಲ್ಲೇ ನಿಂತಿತು.
ಕ್ಯಾಮೆರಾವನ್ನು ಏನೋ ಕೇಳಿ
ಉತ್ತರಕ್ಕೆ ಕಾಯುತ್ತಿದೆ ಮಧ್ಯಾಹ್ನದಿಂದ.
ಎಷ್ಟು ಹೊತ್ತು ಕಾಯಬೇಕೆಂದು
ಬರೆದವರು ಬರೆದಿರಲಿಲ್ಲ.

ಬಗ್ಗಿ ಟಾರ್ಚು ಬಿಟ್ಟೆ. ಕ್ಯಾಮೆರಾದ ತಂತಿ
ಸಿಗಿದ ಜೋಳದ ದಂಟಿನ ಹಾಗೆ ನಾರುನಾರು,
ಪಕ್ಕದಲ್ಲಿ ನಾಕು ಹಿಕ್ಕೆ.

ತೌಡು ಗುಡಿಸುತ್ತಿದ್ದ ಹುಲಿಗೆಮ್ಮ
ಕಸಬರಿಗೆ ನಿಲ್ಲಿಸದೆ ಅಂದಳು:
"ಹೊತ್ತು ಮುಣುಗಾಕ ಮುಂಚೇನ ಹೇಳಿದ್ನೆಪಾ,
ಇಲಿ ಐತಿ ಅಂತ.
ಯಾರು ಕೇಳ್ಯಾರ?"